ನೀರು ಬಿಟ್ಟವರ ಸಹಿ

ನಮ್ಮೂರಿನಲ್ಲಿ ಕಥೆ ಬರೆಯುವುದು ಸುಲಭ, ಅಚ್ಚು ಹಾಕಿಸುವುದು ಕಷ್ಟ. ಎಲ್ಲ ಊರಿನಲ್ಲೂ ಹಾಗೆಯೇ ಎಂದು ನೀವು ಅನ್ನಬಹುದು. ಆದರೆ ನಿಮ್ಮೂರಿನಲ್ಲಿ ಸಂಪಾದಕರು ಒಪ್ಪಿದರೆ ಮುಗಿಯಿತು. ನಮ್ಮಲ್ಲಿ ಕಥೆಯೊಳಗಿನವರೂ ಒಪ್ಪಬೇಕು. ಯಾರನ್ನು ನೋಡಿ ಬರೆದೆವೋ ಅವರು ಹಸ್ತಪ್ರತಿಯ ಕೊನೆಯ ಹಾಳೆಯಲ್ಲಿ ‘ಇದರಲ್ಲಿ ನಾನಿದ್ದೇನೆ, ಒಪ್ಪಿದ್ದೇನೆ’ ಎಂದು ಸಹಿ ಹಾಕಬೇಕು. ಹಾಕದಿದ್ದರೆ ಅವರ ಬಗ್ಗೆ ಬರೆದ ವಾಕ್ಯಗಳಿಗೆ ಮಸಿ ಹಿಡಿಯುವುದಿಲ್ಲ. ಎಷ್ಟು ಸಲ ಒತ್ತಿದರೂ ಅಷ್ಟು ಜಾಗದಲ್ಲಿ ಕಾಗದ ಬೆಳ್ಳಗೇ ಬರುತ್ತದೆ. ಹೆಸರು ಬದಲಿಸಿ, ಮೀಸೆ ಬೋಳಿಸಿ, ಗಂಡಸನ್ನು ಹೆಂಗಸು ಮಾಡಿ ನೋಡಿದವರಿದ್ದಾರೆ. ನಾನೂ ಅವರಲ್ಲಿ ಒಬ್ಬ. ಅಚ್ಚಿನ ಯಂತ್ರಕ್ಕೆ ಹೇಗೋ ಗೊತ್ತಾಗಿಬಿಡುತ್ತದೆ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಕ್ಷೌರದಂಗಡಿಯವನು ತನ್ನನ್ನು ಎತ್ತರದ ಆಳು ಎಂದು ಬರೆದರೆ ಮಾತ್ರ ಸಹಿ ಹಾಕುತ್ತಾನೆ. ನಮ್ಮೂರ ಕಥೆಗಳಲ್ಲಿ ಕ್ಷೌರಿಕರೆಲ್ಲ ಬಾಗಿಲಿಗೆ ತಲೆ ತಗುಲದಂತೆ ಬಗ್ಗಿ ಬರುವುದು ಅದಕ್ಕೇ. ಅತ್ತೆ ಸೊಸೆಯರ ಜಗಳ ತಾರಕಕ್ಕೆ ಹೋದಾಗ ‘ನಿನ್ ಕಥೆಗೆ ನಾನು ಸಹಿ ಹಾಕಿದ್ರೆ ಕೇಳು’ ಎನ್ನುವುದೇ ಕೊನೆಯ ಬೈಗುಳ. ಜಾಣ ಕಥೆಗಾರರು ಮನುಷ್ಯರ ತಂಟೆಗೇ ಹೋಗದೆ ನರಿ, ಮೋಡ, ಹಾಳುಬಾವಿಗಳ ಮೇಲೆ ಬರೆಯುತ್ತಾರೆ. ನರಿಯ ಸಹಿ ಯಾರಿಗೂ ಬೇಕಿಲ್ಲ.

ನಾನು ಆ ಜಾಣರ ಪೈಕಿ. ಹೆಸರು ಉಮಾಪತಿ. ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ, ಊರಿಗೆ ಇರುವುದು ಅದೊಂದೇ. ಕಾವ್ಯನಾಮ ‘ಏಕಾಂತ’. ಮೊದಲ ಕಥೆಯನ್ನು ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುಮಿತ್ರೆಯ ಮೇಲೆ ಬರೆದೆ. ಅವಳು ಓದಿ, ಮಡಚಿ, ‘ಕಥೆಗೆ ಬೇಕಾದ್ರೆ ಬೇರೆ ಹೆಂಡ್ತೀನ ಮಾಡ್ಕೊಳ್ಳಿ’ ಎಂದು ವಾಪಸು ಕೊಟ್ಟಳು. ನಾನು ಹಠ ಬಿಡದೆ ಸಹಿ ಇಲ್ಲದೆಯೇ ಅಚ್ಚಿಗೆ ಕೊಟ್ಟೆ. ಪತ್ರಿಕೆಯಲ್ಲಿ ಬಂದದ್ದು ಶೀರ್ಷಿಕೆ, ನನ್ನ ಕಾವ್ಯನಾಮ ಮತ್ತು ‘ಕಿಟಕಿಯಾಚೆ ಚಂದ್ರನಿದ್ದ’ ಎಂಬ ಒಂದು ಸಾಲು. ಉಳಿದ ಎರಡೂವರೆ ಪುಟ ಖಾಲಿ. ಪರವೂರಿನ ಪ್ರಾಧ್ಯಾಪಕರೊಬ್ಬರು ಅದನ್ನು ನೋಡಿ, ಇಷ್ಟು ಧೈರ್ಯದ ಮೌನವನ್ನು ಈಚೆಗೆ ಯಾರೂ ಬರೆದಿಲ್ಲವೆಂದು ಪತ್ರ ಬರೆದರು. ನಾನು ಪತ್ರಕ್ಕೆ ಕಟ್ಟು ಹಾಕಿಸಿದೆ. ಸುಮಿತ್ರೆ ಕೇಳಿದಳು: ‘ಬರೀದೇ ಇದ್ದಿದ್ದಕ್ಕೆ ಇಷ್ಟು ಹೊಗಳೋದಾದ್ರೆ, ಬರೆಯೋ ಕಷ್ಟ ಯಾಕ್ರೀ ನಿಮಗೆ?’

ಅಲ್ಲಿಂದ ಇಪ್ಪತ್ತೆರಡು ವರ್ಷ ‘ಸೊಲ್ಲು’ ಮಾಸಪತ್ರಿಕೆಯಲ್ಲಿ ನನ್ನ ನಲವತ್ತಮೂರು ಕಥೆಗಳು ಬಂದಿವೆ. ಒಂದರಲ್ಲೂ ಮನುಷ್ಯರಿಲ್ಲ. ಕುಂಟ ಕಾಗೆಯ ಅಂತರಂಗ ಬರೆದಿದ್ದೇನೆ. ಒಣಗಿದ ಕೆರೆಯ ಆತ್ಮಾವಲೋಕನವನ್ನು ಎರಡು ಕಂತಿನಲ್ಲಿ ಬರೆದಿದ್ದೇನೆ. ಸಂಪಾದಕಿ ಪಂಕಜಾಕ್ಷಿ ಮೇಡಂ ಹೈಸ್ಕೂಲಿನಲ್ಲಿ ಲೆಕ್ಕ ಪಾಠ ಹೇಳಿ ನಿವೃತ್ತರಾದವರು. ಮನೆಯ ಮುಂದಿನ ಕೋಣೆಯಲ್ಲೇ ಅಚ್ಚಿನ ಯಂತ್ರ ಇಟ್ಟುಕೊಂಡಿದ್ದಾರೆ. ಪ್ರತಿ ಕಥೆಗೂ ಒಂದು ಕಾರ್ಡು ಬರೆಯುತ್ತಾರೆ. ನನಗೆ ಬಂದ ಕಾರ್ಡುಗಳಲ್ಲಿ ಹೆಚ್ಚಿನವು ಹೀಗಿರುತ್ತಿದ್ದವು: ‘ಕಥೆ ತಲುಪಿತು. ಮೋಡ ಚೆನ್ನಾಗಿದೆ. ಕೆಳಗೆ ಯಾರೂ ಇಲ್ಲವೇ?’

ಈ ವರ್ಷ ಯುಗಾದಿ ವಿಶೇಷಾಂಕಕ್ಕೆಂದು ನಾನು ಇನ್ನೊಂದು ಬಾವಿಯನ್ನು ತೆಗೆದುಕೊಂಡು ಹೋದಾಗ ಅವರು ಅದನ್ನು ತೆರೆದೂ ನೋಡಲಿಲ್ಲ. ‘ಉಮಾಪತಿಯವರೇ, ಬಾವಿ ಸಾಕು. ಒಬ್ಬ ಮನುಷ್ಯನನ್ನ ಬರೀರಿ. ಒಬ್ಬನೇ ಸಾಕು, ಜಾಸ್ತಿ ಬೇಡ’ ಎಂದರು. ನನಗೆ ಅವಮಾನವಾಯಿತು. ಬರೆದು ತೋರಿಸುತ್ತೇನೆ ಎಂದು ಮನೆಗೆ ಬಂದು, ಹನ್ನೊಂದು ದಿನ ಕೂತು, ನಮ್ಮ ಅಪ್ಪ ಸತ್ತದ್ದನ್ನು ಬರೆದೆ.

ಬರೆದದ್ದನ್ನು ಹೇಳುವ ಮೊದಲು ನಡೆದದ್ದನ್ನು ಹೇಳಬೇಕು. ನಮ್ಮಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ನಮ್ಮ ಮನೆ ಮಹಡಿಯ ಮೇಲಿದ್ದುದರಿಂದ, ಮೆಟ್ಟಿಲು ಹತ್ತಲಾಗದೆ ಕೊನೆಯ ದಿನಗಳಲ್ಲಿ ಅಕ್ಕ ದಾಕ್ಷಾಯಣಿಯ ಮನೆಯಲ್ಲಿದ್ದರು. ಅಕ್ಕ ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಭಾವ ಅಷ್ಟು ಹೊತ್ತಿಗೇ ತೀರಿಕೊಂಡಿದ್ದರು. ಅಪ್ಪ ಹಾಸಿಗೆ ಹಿಡಿದ ವಾರವೇ ಪಕ್ಕದ ಪಟ್ಟಣದಲ್ಲಿ ಮೂರು ದಿನದ ಕಥಾ ಕಮ್ಮಟ ಏರ್ಪಾಡಾಗಿ, ಜೀವನದಲ್ಲಿ ಮೊದಲ ಬಾರಿಗೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ನನಗೆ ಕೊಟ್ಟ ವಿಷಯ ‘ಸಣ್ಣಕಥೆಯಲ್ಲಿ ಸಾವಿನ ಚಿತ್ರಣ’. ಅಕ್ಕ ಮೂರು ಸಲ ಫೋನು ಮಾಡಿದಳು. ಮೊದಲ ಸಲ, ಸಂಜೆ ಬರುತ್ತೇನೆ ಎಂದೆ. ಎರಡನೆಯ ಸಲ, ಭಾಷಣ ಮರುದಿನಕ್ಕೆ ಹೋಗಿದೆ, ಮುಗಿಸಿ ಬರುತ್ತೇನೆ ಎಂದೆ. ಮೂರನೆಯ ಸಲ ನಾನು ವೇದಿಕೆಯ ಮೇಲಿದ್ದೆ. ಯಾರೋ ಚೀಟಿ ತಂದುಕೊಟ್ಟರು. ‘ತಕ್ಷಣ ಹೊರಡು’ ಎಂದಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಇನ್ನೂ ನಲವತ್ತು ನಿಮಿಷ ಮಾತಾಡಿದೆ. ಒಳ್ಳೆಯ ಕಥೆಗಾರ ಸಾವಿನ ಮುಂದೆ ವಿನಯದಿಂದ ನಿಲ್ಲಬೇಕೆಂದು ಹೇಳಿದೆ. ಚಪ್ಪಾಳೆ ಬಂತು.

ಕೊನೆಯ ಬಸ್ಸು ತಪ್ಪಿ, ಮರುದಿನ ಬೆಳಿಗ್ಗೆ ಊರು ಸೇರಿದಾಗ ಅಪ್ಪನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ, ಬೈಯಲಿಲ್ಲ. ‘ಭಾಷಣ ಚೆನ್ನಾಗಾಯ್ತಾ?’ ಎಂದಳು. ಹನ್ನೊಂದನೆಯ ದಿನದ ಕೆಲಸ ಮುಗಿಸಿ ಆ ಮನೆಯಿಂದ ಹೊರಬಿದ್ದವನು ಒಂಬತ್ತು ವರ್ಷ ಮತ್ತೆ ಹೋಗಲಿಲ್ಲ. ಅಕ್ಕನ ಮನೆ ನಮ್ಮ ಮನೆಯಿಂದ ಮೂರು ಬೀದಿ ಆಚೆ. ತರಕಾರಿ ತರಲು ನಾನು ಆ ಬೀದಿ ತಪ್ಪಿಸಿ ಕೆರೆ ಏರಿ ಸುತ್ತಿಕೊಂಡು ಹೋಗುತ್ತಿದ್ದೆ. ವ್ಯಾಯಾಮಕ್ಕೆ ಎಂದು ಸುಮಿತ್ರೆಗೆ ಹೇಳಿದ್ದೆ.

ಇನ್ನು ಬರೆದದ್ದು. ಕಥೆಯ ಹೆಸರು ‘ಕೊನೆಯ ಗುಟುಕು’. ಅದರಲ್ಲಿ ಮಗ ಭಾಷಣವನ್ನು ಅರ್ಧಕ್ಕೇ ನಿಲ್ಲಿಸಿ ವೇದಿಕೆಯಿಂದ ಧುಮುಕುತ್ತಾನೆ. ಬಸ್ಸು ಸಿಗದೆ ಲಾರಿ ಹತ್ತುತ್ತಾನೆ. ಮನೆಯಲ್ಲಿ ಕಲ್ಲುಮನಸ್ಸಿನ ಅಕ್ಕ ನಿದ್ದೆ ಹೋಗಿರುತ್ತಾಳೆ, ಪಕ್ಕದ ಮನೆಯ ಹೆಂಗಸೊಬ್ಬಳು ಮಂಚದ ಬಳಿ ತೂಕಡಿಸುತ್ತಿರುತ್ತಾಳೆ. ಮಗ ತಾನೇ ತಂದೆಯ ಬಾಯಿಗೆ ನೀರು ಬಿಡುತ್ತಾನೆ. ತಂದೆ ಅವನನ್ನು ಕಣ್ತುಂಬ ನೋಡಿ ಕಣ್ಣು ಮುಚ್ಚುತ್ತಾನೆ. ಇದನ್ನು ಬರೆಯುವಾಗ ಮೂರು ಸಲ ಅತ್ತೆ. ನನ್ನ ಒಳ್ಳೆಯತನಕ್ಕೆ ನಾನೇ ಕರಗಿಹೋಗಿದ್ದೆ.

ಪಂಕಜಾಕ್ಷಿ ಮೇಡಂ ನನ್ನನ್ನು ಕೂರಿಸಿಕೊಂಡೇ ಓದಿದರು. ಓದಿ ಮುಗಿಸಿ, ‘ಕೊನೆಗೂ ಮನುಷ್ಯರು ಬಂದ್ರು’ ಎಂದರು. ನನಗೆ ಕುರ್ಚಿ ಒಂದು ಗೇಣು ಮೇಲೆದ್ದ ಹಾಗಾಯಿತು. ‘ಅಕ್ಕನ ಸಹಿ, ಪಕ್ಕದ ಮನೆಯವರ ಸಹಿ ಆಮೇಲೆ ತನ್ನಿ. ತಂದೆಯವರದು ಈಗಲೇ ಆಗಬಹುದಲ್ಲ?’ ಸತ್ತವರ ಪರವಾಗಿ, ಕೊನೆಗೆ ಅವರ ಬಾಯಿಗೆ ನೀರು ಬಿಟ್ಟವರು ಸಹಿ ಹಾಕುವುದು ನಮ್ಮೂರ ರೂಢಿ. ‘ನೀರು ನೀವೇ ಬಿಟ್ಟಿದ್ದು ಅಂತ ಬರ್ದಿದೀರಿ. ಹಾಕಿ.’

ಹಾಕಿದೆ. ಸಹಿ ಮುದ್ದಾಗಿಯೇ ಬಂತು. ಸಹಿಯ ಕೆಳಗೆ ಗೆರೆಯೊಂದನ್ನೂ ಎಳೆದೆ.

ಅವರು ಅಚ್ಚಿನ ಮೊಳೆ ಜೋಡಿಸಿ ಒಂದು ಕರಡು ತೆಗೆದರು. ಸಹಿ ಆಗದ ಅಕ್ಕನ ಜಾಗ, ಪಕ್ಕದ ಮನೆಯವರ ಜಾಗ ಬಿಳಿ, ಅದು ಸರಿ. ಆದರೆ ಅಪ್ಪನ ಜಾಗವೂ ಬಿಳಿ. ಕಾಗದದ ಮೇಲೆ ಉಳಿದವನು ನಾನೊಬ್ಬನೇ. ಒಬ್ಬ ಮನುಷ್ಯ ಕಾರಣವಿಲ್ಲದೆ ವೇದಿಕೆಯಿಂದ ಧುಮುಕುತ್ತಾನೆ, ಲಾರಿ ಹತ್ತುತ್ತಾನೆ, ಖಾಲಿ ಮನೆಗೆ ನುಗ್ಗಿ ಯಾರೂ ಇಲ್ಲದ ಕಡೆಗೆ ನೀರಿನ ಲೋಟ ಚಾಚಿಕೊಂಡು ಅಳುತ್ತಾನೆ. ಮೇಡಂ ಕರಡನ್ನು ಬಹಳ ಹೊತ್ತು ನೋಡಿದರು.

‘ಮಸಿ ತೆಳುವಾಗಿರ್ಬೇಕು’ ಎಂದೆ.

‘ಉಮಾಪತಿಯವರೇ, ನಾನು ಮೂವತ್ತಾರು ವರ್ಷ ಲೆಕ್ಕ ಪಾಠ ಮಾಡಿದೀನಿ. ಉತ್ತರ ಮೊದಲು ಬರೆದುಕೊಂಡು ಆಮೇಲೆ ಲೆಕ್ಕ ಮಾಡೋರನ್ನ ಬೇಕಾದಷ್ಟು ನೋಡಿದೀನಿ. ನೀರು ಬಿಟ್ಟಿದ್ದು ಯಾರು?’

‘ಅಕ್ಕ ಇರ್ಬೇಕು.’

‘ಇರ್ಬೇಕು?’

‘ನಾನು ಅಲ್ಲಿರಲಿಲ್ಲ’ ಎಂದೆ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರು ಹಸ್ತಪ್ರತಿಯನ್ನು ನನ್ನ ಕೈಗಿಟ್ಟು, ಹನ್ನೆರಡು ದಿನದಲ್ಲಿ ಪುಟ ಕಟ್ಟಬೇಕು ಎಂದಷ್ಟೇ ಹೇಳಿದರು.

ಪಶ್ಚಾತ್ತಾಪದಿಂದ ಅಕ್ಕನ ಮನೆಗೆ ಹೋದೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಹೋದದ್ದು ವಿಶೇಷಾಂಕದ ಆಸೆಗೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಬಾಗಿಲು ತೆರೆದೇ ಇತ್ತು. ಅಕ್ಕ ಪಡಸಾಲೆಯಲ್ಲಿ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ತಲೆ ಎತ್ತಿ ನನ್ನನ್ನು ನೋಡಿ, ‘ಯಾರು ಹೋದ್ರು?’ ಎಂದಳು.

‘ಯಾರೂ ಇಲ್ಲಕ್ಕ. ಒಂದು ಸಹಿ ಬೇಕಾಗಿತ್ತು.’

‘ಒಂಬತ್ತು ವರ್ಷಕ್ಕೆ ಬಂದ. ಸಹಿ ಬೇಕಂತೆ’ ಎಂದು ಹೀರೇಕಾಯಿಗೆ ಹೇಳಿದಳು. ಆಮೇಲೆ ಕೈ ಒರೆಸಿಕೊಂಡು ಹಾಳೆಗಳನ್ನು ತೆಗೆದುಕೊಂಡಳು. ತೋಳು ಪೂರ್ತಿ ಚಾಚಿ, ಕಣ್ಣು ಕಿರಿದು ಮಾಡಿ, ಹಾಳೆಯನ್ನು ದೂರ ಹಿಡಿದಳು. ಅವಳ ಕನ್ನಡಕದ ಒಂದು ಕಡ್ಡಿಯನ್ನು ದಾರದಲ್ಲಿ ಕಟ್ಟಿಕೊಂಡಿದ್ದಳು. ಗಾಜು ನಾನೇ ಹಾಕಿಕೊಟ್ಟದ್ದು, ಅಪ್ಪ ಇದ್ದಾಗ. ಊರಿಗೆಲ್ಲ ಕನ್ನಡಕ ಹಾಕುವವನ ಅಕ್ಕ ಅಂಗಡಿಗೆ ಬರಲಾಗದೆ ಇಷ್ಟು ವರ್ಷ ಮಸುಕು ಮಸುಕಾಗಿ ನೋಡಿಕೊಂಡಿದ್ದಳು. ‘ಆಗಲ್ಲ. ನೀನೇ ಓದು’ ಎಂದಳು.

ಸಭೆಗಳಲ್ಲಿ ಓದಿದ್ದೇನೆ, ರೇಡಿಯೋದಲ್ಲಿ ಒಮ್ಮೆ ಕಾಗೆಯ ಕಥೆ ಓದಿದ್ದೇನೆ. ಹೀರೇಕಾಯಿ ಸಿಪ್ಪೆಯ ಮುಂದೆ ಕೂತು ಓದುವಷ್ಟು ಕಷ್ಟ ಯಾವುದೂ ಆಗಿರಲಿಲ್ಲ. ‘ಕಲ್ಲುಮನಸ್ಸಿನ’ ಎಂಬಲ್ಲಿ ಹಾರಿಸಿ ಮುಂದೆ ಹೋದೆ.

‘ಅಲ್ಲೇನೋ ಬಿಟ್ಟೆ’ ಎಂದಳು ಅಕ್ಕ. ‘ಚಿಕ್ಕೋನಿದ್ದಾಗ್ಲೂ ಹಿಂಗೇ. ಬೈಗುಳ ಇರೋ ಕಡೆ ನುಂಗ್ತಿದ್ದೆ. ಓದು.’

ಓದಿದೆ. ಅವಳು ನಿದ್ದೆ ಹೋದ ಸಾಲನ್ನೂ ಓದಿದೆ. ‘ನಿದ್ದೆ!’ ಎಂದಳು. ‘ನಾಕು ದಿನ ಗೋಡೆಗೂ ಒರಗಿರ್ಲಿಲ್ಲ ಕಣೋ. ಹೋಗ್ಲಿ, ಮುಂದಕ್ಕೆ ಓದು.’ ಮಗ ಬಂದ, ತಂದೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ, ಬಾಯಿಗೆ ನೀರು ಬಿಟ್ಟ. ಅಲ್ಲಿಗೆ ಅಕ್ಕನ ಕೈ ನಿಂತಿತು. ನಾನೂ ನಿಲ್ಲಿಸಿದೆ. ಬೈಯುತ್ತಾಳೆಂದು ಕಾದೆ.

‘ನೀರು ನಾನೂ ಬಿಡ್ಲಿಲ್ಲ ಉಮಾ’ ಎಂದಳು.

ನನಗೆ ಅರ್ಥವಾಗಲಿಲ್ಲ. ಊರೆಲ್ಲ ಅವಳೇ ಬಿಟ್ಟಳೆಂದು ತಿಳಿದಿತ್ತು.

‘ಡಾಕ್ಟ್ರು ಬೇಡ ಅಂದಿದ್ರು. ಗಂಟಲಲ್ಲಿ ಇಳಿಯಲ್ಲ, ನೆತ್ತಿಗೇರುತ್ತೆ, ಹತ್ತಿ ಒದ್ದೆ ಮಾಡಿ ತುಟಿ ಒರೆಸಿ ಅಂತ. ಅಪ್ಪ ಕೇಳ್ತಾನೇ ಇದ್ರು. ದಾಕ್ಷಿ ನೀರು, ದಾಕ್ಷಿ ನೀರು ಅಂತ. ನಾನು ಕೊಡ್ಲಿಲ್ಲ. ಆಮೇಲೆ ನಿಂಗೆ ಇನ್ನೊಂದ್ಸಲ ಫೋನ್ ಮಾಡ್ಬಿಡೋಣ ಅಂತ, ಪಕ್ಕದ್ಮನೆ ಮುನಿಯಕ್ಕನ್ನ ಕೂರಿಸಿ ಮೂಲೆ ಅಂಗಡಿಗೆ ಓಡಿದೆ. ಬರೋವಷ್ಟ್ರಲ್ಲಿ ಆಗೋಗಿತ್ತು. ಎಲ್ರೂ ಕೇಳಿದ್ರು, ನೀರು ಬಿಟ್ಯಾ ಅಂತ. ಹೂಂ ಅಂದೆ.’

ಅಷ್ಟು ಹೊತ್ತು ನಾನು ವೇದಿಕೆಯ ಮೇಲೆ ಏನು ಹೇಳುತ್ತಿದ್ದೆ ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ. ಅಕ್ಕ ತನ್ನ ಮೇಲಿನ ಸಿಟ್ಟನ್ನೂ ಸೇರಿಸಿ ನನ್ನ ಮೇಲೆ ಇಟ್ಟುಕೊಂಡಿದ್ದಳು. ನಾನು ಬೇರೆ ದಾರಿ ಹಿಡಿದು ಕೆರೆ ಏರಿ ಸುತ್ತುತ್ತಿದ್ದೆ.

‘ಹಾಗಾದ್ರೆ ಅಪ್ಪನ ಪರವಾಗಿ ಸಹಿ ಹಾಕೋರೇ ಇಲ್ಲ’ ಎಂದೆ. ಇಂಥ ಹೊತ್ತಿನಲ್ಲೂ ನನ್ನ ಬಾಯಿಂದ ಮೊದಲು ಬಂದ ಮಾತು ಅದೇ. ಅಕ್ಕ ನನ್ನನ್ನು ನೋಡಿ, ಎಷ್ಟೋ ವರ್ಷದ ಮೇಲೆ ಅರ್ಧ ನಕ್ಕಳು. ‘ಥೂ ನಿನ್ನ’ ಎಂದು ಎದ್ದಳು. ‘ಬಾ. ಮುನಿಯಕ್ಕನ ಸಹೀನೂ ಬೇಕಲ್ಲ, ತೂಕಡಿಸ್ತಿದ್ಳು ಅಂತ ಬೇರೆ ಬರ್ದಿದೀಯ. ಕೊನೇಲಿ ಏನಾಯ್ತು ಅಂತ ಅವಳ್ನ ಕೇಳ್ಬೇಕು ಅಂದ್ಕೊಂಡೇ ಇಷ್ಟು ವರ್ಷ ಆಯ್ತು. ಒಬ್ಳೇ ಕೇಳೋ ಧೈರ್ಯ ಇರ್ಲಿಲ್ಲ.’

ಮುನಿಯಕ್ಕನ ಪೂರ್ತಿ ಹೆಸರು ಮುನಿಲಕ್ಷ್ಮಮ್ಮ. ಪಕ್ಕದ ಮನೆಯ ಮುಂದೆ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಾರೆ. ಅರವತ್ತು ದಾಟಿದೆ. ಈಗಲೂ ಇದ್ದಿಲಿನ ಪೆಟ್ಟಿಗೆಯೇ. ಅಕ್ಕ ವಿಷಯ ಹೇಳಿ, ನನಗೆ ಓದು ಎಂದಳು. ಓದಿದೆ. ಮುನಿಯಕ್ಕ ಇಸ್ತ್ರಿ ನಿಲ್ಲಿಸದೆ ಕೇಳಿಸಿಕೊಂಡರು. ತೂಕಡಿಸಿದ ಮಾತಿಗೂ ಏನೂ ಅನ್ನಲಿಲ್ಲ. ಮಗ ನೀರು ಬಿಟ್ಟ ಸಾಲು ಬಂದಾಗ ಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೆ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದ ಮೇಲೆಯೇ ಅವರು ಎತ್ತಿದ್ದು.

‘ನೀರು ನಾನ್ ಕೊಟ್ಟೆ’ ಎಂದರು.

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು.

‘ಕೊಡಬ್ಯಾಡ ಅಂತ ನೀವು ಹೇಳೇ ಹೋಗಿದ್ರಿ ದಾಕ್ಷಮ್ಮ. ಆದ್ರೆ ಮೇಷ್ಟ್ರು ನೀರು ಅಂದ್ರು. ಇನ್ನೊಂದ್ ಕಿತ ಅಂದ್ರು. ನನ್ ಕೈಲಿ ನೋಡ್ಕಂಡ್ ಕೂತಿರಾಕ್ ಆಗ್ಲಿಲ್ಲ. ಎರಡು ಚಮಚ ಬಿಟ್ಟೆ. ಇಳೀತು. ಸಲೀಸಾಗಿ ಇಳೀತು. ಆಮೇಲೆ ಕಣ್ ಬಿಟ್ಟು, ಬಂದ್ನಾ ಅಂದ್ರು.’ ಅವರು ನನ್ನ ಕಡೆ ನೋಡಿದರು, ತಪ್ಪು ನನ್ನದಲ್ಲ ತಮ್ಮದು ಎಂಬ ಹಾಗೆ. ‘ಏನಂತ ಹೇಳ್ಲಿ? ಬಂದ ಮೇಷ್ಟ್ರೇ, ಹಿತ್ಲಲ್ಲಿ ಕಾಲ್ ತೊಳ್ಕಂತಾವ್ನೆ ಅಂದೆ. ಕಾಲ್ ತೊಳೀದೆ ಅವ್ರು ಯಾರ್ನೂ ಒಳೀಕ್ ಬಿಡ್ತಿರ್ಲಿಲ್ವಲ್ಲ. ಹೂಂ ಅಂದ್ರು. ಬಾಗ್ಲು ಕಡೆ ತಿರುಗಿ ಮಲಗಿದ್ರು. ಅಷ್ಟೇಯ.’

ಮುನಿಯಕ್ಕನ ಗಲ್ಲ ಅದುರುತ್ತಿತ್ತು. ‘ಡಾಕ್ಟ್ರು ಬ್ಯಾಡ ಅಂದಿದ್ದನ್ನ ನಾನು ಕೊಟ್ಟೆ. ನಿಮ್ಮನೆ ಬಟ್ಟೆ ಮಡಚುವಾಗೆಲ್ಲ ಅನ್ಕಂತಿದ್ದೆ, ನಾನೇ ಸಾಯಿಸಿಬಿಟ್ನೇನೋ ಅಂತ. ಹೆಂಗ್ ಹೇಳ್ಲಿ ತಾಯಿ ನಿಮಗೆ?’

ಅಕ್ಕ ಇಸ್ತ್ರಿಗೆ ಬಂದ ಬಟ್ಟೆಯ ಗಂಟಿನ ಮೇಲೆಯೇ ಕೂತಳು. ಮುನಿಯಕ್ಕನ ಎರಡೂ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ‘ಕೇಳಿ ಕೇಳಿ ಒಣಗಿ ಹೋದ್ರು ಅನ್ಕೊಂಡಿದ್ದೆ ಕಣೆ. ಅವತ್ತಿಂದ ಒಂದು ಲೋಟ ನೀರು ನೆಟ್ಟಗೆ ಗಂಟಲಲ್ಲಿ ಇಳಿದಿಲ್ಲ ನಂಗೆ. ಅದು ನಾನು ಕೊಡ್ಬೇಕಾಗಿದ್ದ ನೀರು. ನೀನು ಕೊಟ್ಟೆ. ಕೊಟ್ಟು ಪುಣ್ಯ ಕಟ್ಕೊಂಡೆ’ ಎಂದಳು. ಇಬ್ಬರೂ ಅಳತೊಡಗಿದರು.

ನಾನೇನು ಮಾಡಿದೆ ಎಂದರೆ, ನಿಜ ಹೇಳಬೇಕು, ‘ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಾನೆ’ ಎಂಬುದು ಎಂಥ ವಾಕ್ಯ ಎಂದು ಯೋಚಿಸಿದೆ. ನಲವತ್ತಮೂರು ಕಥೆಗಳಲ್ಲಿ ನಾನು ಅಂಥದ್ದೊಂದನ್ನು ಬರೆದಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ತಿಳಿಯಿತು. ಅಪ್ಪ ನನ್ನನ್ನು ಕಾಯುತ್ತ ಹೋಗಲಿಲ್ಲ. ನಾನು ಹಿತ್ತಲಿನಲ್ಲಿದ್ದೇನೆ, ಈಗ ಒಳಗೆ ಬರುತ್ತೇನೆ ಎಂದುಕೊಂಡು ಹೋದರು. ಆ ಸುಖ ಅವರಿಗೆ ಕೊಟ್ಟದ್ದು ನಾನಲ್ಲ. ಹೊಂಗೆ ಮರದ ಕಡೆ ತಿರುಗಿ ನಿಂತೆ. ಬಿಕ್ಕಳಿಕೆ ತಡೆಯಲಾಗಲಿಲ್ಲ. ಮುನಿಯಕ್ಕ ಎದ್ದು ಬಂದು, ಆಗಷ್ಟೇ ಇಸ್ತ್ರಿ ಮಾಡಿದ ಯಾರದೋ ಕರವಸ್ತ್ರವನ್ನು ನನ್ನ ಕೈಗಿಟ್ಟರು. ಇನ್ನೂ ಬೆಚ್ಚಗಿತ್ತು.

ಮುಂದಿನ ಐದು ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅಕ್ಕನ ಮನೆಯಲ್ಲಿ ಕೂತು ಕಥೆಯನ್ನು ಮತ್ತೆ ಬರೆದೆ. ಮೊದಲನೆಯ ದಿನ ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಒಯ್ದು ಅವಳ ಕಣ್ಣು ನೋಡಿದೆ, ಮೂರನೆಯ ದಿನ ಹೊಸ ಕನ್ನಡಕ ಕೊಟ್ಟೆ. ಅದೊಂದು ತಪ್ಪಾಯಿತು. ಅಲ್ಲಿಂದ ಮುಂದೆ ಪ್ರತಿ ಸಾಲನ್ನೂ ತಾನೇ ಓದಿ ತಕರಾರು ತೆಗೆದಳು. ‘ಅಪ್ಪ ಹಂಗೆ ಕೆಮ್ತಿರ್ಲಿಲ್ಲ. ಎರಡು ಸಲ ಕೆಮ್ಮಿ, ತಡೆದು, ಆಮೇಲೆ ಮೂರನೇದು.’ ‘ಈ ಮೋಡ ಯಾಕೆ ಬಂತು ಇಲ್ಲಿ? ಅವತ್ತು ಉರಿಬಿಸ್ಲು.’ ಮೋಡವನ್ನು ತೆಗೆದೆ. ಲಾರಿಯೂ ಹೋಯಿತು. ಮಗ ವೇದಿಕೆಯ ಮೇಲೆಯೇ ಉಳಿದ, ಜೇಬಿನಲ್ಲಿ ಚೀಟಿ ಇಟ್ಟುಕೊಂಡು. ಅಕ್ಕ ಮೂಲೆ ಅಂಗಡಿಯ ಫೋನಿನ ಮುಂದೆ ಉಳಿದಳು. ಮಂಚದ ಬಳಿ ಮುನಿಯಕ್ಕ ಚಮಚ ಹಿಡಿದು ಕೂತರು. ಆ ದಿನಗಳಲ್ಲಿ ಅಪ್ಪ ಏನು ತಿಂದರು, ಏನು ಬೇಡವೆಂದರು, ಕನವರಿಕೆಯಲ್ಲಿ ಹೇಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಸಾವಧಾನ್’ ಎನ್ನುತ್ತಿದ್ದರು ಎಂದೆಲ್ಲ ಅಕ್ಕ ಹೇಳಿದಳು. ನಾನು ಕೇಳಿಸಿಕೊಂಡೆ. ಅದರಲ್ಲಿ ಬರೆದದ್ದು ಕಡಿಮೆ.

ಅಕ್ಕ ಅಂಚೆ ಕಚೇರಿಯ ಅಭ್ಯಾಸದ ಸಹಿಯನ್ನು, ತಾರೀಕು ಸಮೇತ, ಹಾಕಿದಳು. ಮುನಿಯಕ್ಕ ತಮ್ಮ ಪರವಾಗಿ ಒಂದು ಹೆಬ್ಬೆಟ್ಟು ಒತ್ತಿದರು. ‘ಮೇಷ್ಟ್ರದ್ದೂ ನಾನೇ ಒತ್ಬೇಕಾ?’ ಎಂದು ಕೇಳಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಶುಚಿ ಮಾಡಿ, ಮತ್ತೆ ಮಸಿಗೆ ಅದ್ದಿ ಅಪ್ಪನ ಪರವಾಗಿ ಇನ್ನೊಂದು ಒತ್ತಿದರು. ಪಂಕಜಾಕ್ಷಿ ಮೇಡಂ ಯಂತ್ರ ತಿರುಗಿಸಿದಾಗ ಎಲ್ಲ ಸಾಲೂ ಮಸಿ ಹಿಡಿಯಿತು. ಅಪ್ಪನ ಮೂರನೆಯ ಕೆಮ್ಮೂ ಬಂತು. ನನ್ನ ಭಾಗ ಸ್ವಲ್ಪ ತೆಳುವಾಗಿ ಬರಬಹುದೆಂಬ ಆಸೆ ನನಗಿತ್ತು. ಅದೇ ಎಲ್ಲಕ್ಕಿಂತ ದಟ್ಟವಾಗಿ ಬಂತು.

ಮೇಡಂ ಹಸಿ ಕರಡನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಒಂದು ಕಡೆ ನಿಂತರು. ಕೆಂಪು ಪೆನ್ಸಿಲಿನಿಂದ ಪಕ್ಕದಲ್ಲಿ ಸಣ್ಣ ಗೆರೆ ಹಾಕಿದರು. ಅವರು ತಪ್ಪಿಗಲ್ಲದೆ ಗೆರೆ ಹಾಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಈ ಕಾಲು ತೊಳೆಯೋ ವಾಕ್ಯ’ ಎಂದರು. ‘ಇದು ನಿಮ್ಮದಾ?’

ಹೂಂ ಎನ್ನಲು ನನಗೆ ಎಷ್ಟು ಆಸೆಯಾಯಿತು ಎಂಬುದನ್ನು ಹೇಳಿದರೆ ನೀವು ನನ್ನ ಜೊತೆ ಮಾತು ಬಿಡುತ್ತೀರಿ.

‘ಅಲ್ಲ. ಮುನಿಲಕ್ಷ್ಮಮ್ಮನವರದು.’

ಮೇಡಂ ತಲೆದೂಗಿ ಮತ್ತೆ ಕರಡಿಗೆ ಕಣ್ಣು ಹಾಕಿದರು. ‘ಅವರ ಹತ್ರ ಇನ್ನೂ ಇದ್ರೆ ಕಳಿಸೋಕೆ ಹೇಳಿ’ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ.